ಬಯಲಿನಲ್ಲಿ ಚಿತ್ರ ಬರೆಯಹೊರಟ ತರುಣನಿಗೆ

ಚಿರಂಜೀವಿ,

ಕಲಾಶಾಲೆಯ ವ್ಯಾಸಂಗವನ್ನು ಮುಗಿಸಿ ಭೂದೃಶ್ಯ ಚಿತ್ರಣವನ್ನೇ ಜೀವನವೃತ್ತಿಯಾಗಿ ಸ್ವೀಕರಿಸುವೆನೆಂದೂ, ಅದಕ್ಕೆ ಪೂರ್ವಭಾವಿಯಾಗಿ ಹಿಮಾಲಯದಿಂದ ಕನ್ಯಾಕುಮಾರಿಯವರೆಗೆ ದೇಶವನ್ನೆಲ್ಲ ಸುತ್ತಿಬರುವೆನೆಂದೂ ನೀನು ಬರೆದಿರುವೆ. ವೃತ್ತಿಯ ಆಯ್ಕೆಗೆ ನನ್ನ ಸಂಪೂರ್ಣ ಸಮ್ಮತಿಯಿದೆ. ಸಂಚಾರದ ವಿಷಯದಲ್ಲಿ ಮಾತ್ರ ಹಿರಿಯನಾಗಿ ಎರಡು ಮಾತು ಹೇಳಬೇಕಾಗಿದೆ.

ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲನ (1776–1837) ಜೀವನವನ್ನು ಮನನ ಮಾಡು. ಸಫೋಕ್ ಪ್ರಾಂತದ ಗಿರಣಿ ಮಾಲೀಕನೊಬ್ಬನ ಮಗನಾದ ಈತನು, ಸಮಕಾಲೀನ ಚಿತ್ರಕಾರರು ಇಟಲಿಯ ದರ್ಶನವಿಲ್ಲದೆ ಕಲೆಯು ಪೂರ್ಣವಾಗದೆಂದು ನಂಬಿದ್ದ ಕಾಲದಲ್ಲಿ, ಸ್ವದೇಶದ ಕಡಲತೀರವನ್ನು ಒಮ್ಮೆಯೂ ದಾಟದೆ, ಸ್ಟೂರ್ ನದಿಯ ದಡದ ಗಿರಣಿ, ತೂಬು, ದೋಣಿ, ಹುಲ್ಲುಗಾವಲುಗಳನ್ನೇ ಮತ್ತೆ ಮತ್ತೆ ಬರೆದನು. ಬಣ್ಣವನ್ನು ತವರದ ಕೊಳವೆಯಲ್ಲಿ ತುಂಬುವ ಉಪಾಯವು 1841ರಲ್ಲಿ, ಅವನು ಗತಿಸಿದ ಮೇಲೆ, ಬಂದುದರಿಂದ, ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿದ ತೈಲವರ್ಣವನ್ನು ಹೊತ್ತೊಯ್ದು, ಪೆಟ್ಟಿಗೆಯನ್ನು ತೊಡೆಯ ಮೇಲಿರಿಸಿ, ಅದರ ಮುಚ್ಚಳಕ್ಕೆ ಕಾಗದವನ್ನು ಸಿಕ್ಕಿಸಿ ಬಯಲಿನಲ್ಲಿ ಚಿತ್ರಿಸುತ್ತಿದ್ದನು. 1821 ಮತ್ತು 1822ರಲ್ಲಿ ಹ್ಯಾಂಪ್‌ಸ್ಟೆಡ್ಡಿನ ಗುಡ್ಡದ ಮೇಲೆ ಬರಿಯ ಮೇಘಗಳನ್ನೇ ಬರೆದು, ಅಂಥ ಅನೇಕ ಹಾಳೆಗಳ ಹಿಂಬದಿಯಲ್ಲಿ ದಿನಾಂಕ, ವೇಳೆ, ಗಾಳಿ ಬೀಸುವ ದಿಕ್ಕು ಇವುಗಳನ್ನು ಗುರುತುಹಾಕಿದನು.

ಇಂಥವನಿಗೆ ಲೋಕವು ಕೊಟ್ಟ ಮನ್ನಣೆಯಾದರೂ ಎಷ್ಟು? ಹೊಟ್ಟೆಪಾಡಿಗೆ ಭಾವಚಿತ್ರಗಳನ್ನು ಬರೆಯಬೇಕಾಯಿತು. ಇಂದು ಜಗತ್ಪ್ರಸಿದ್ಧವಾಗಿರುವ ಅವನ ಹುಲ್ಲುಬಂಡಿಯ ಚಿತ್ರವು 1821ರ ಲಂಡನ್ನಿನ ಪ್ರದರ್ಶನದಲ್ಲಿ ಮಾರಾಟವಾಗದೆ ಉಳಿದು, 1824ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವರ್ಣಪದಕವನ್ನು ಪಡೆಯಿತು. ಸ್ವದೇಶದ ರಾಯಲ್ ಅಕಾಡೆಮಿಯು ಅವನನ್ನು ಪೂರ್ಣ ಸದಸ್ಯನನ್ನಾಗಿ ಆರಿಸಿದಾಗ ಅವನಿಗೆ ಐವತ್ತೆರಡು ವರ್ಷ. ಹಿಂದಿನ ವರ್ಷವೇ ಪತ್ನಿಯು ಕ್ಷಯರೋಗದಿಂದ ತೀರಿಕೊಂಡಿದ್ದಳು. ಕೀರ್ತಿಯು ಬರುವ ಕಾಲವನ್ನು ಚಿತ್ರಕಾರನು ನಿರ್ಣಯಿಸಲಾರನು. ಅದು ಬರುವತನಕ ಅವನಿಗೆ ಆಧಾರವಾಗಿ ನಿಲ್ಲತಕ್ಕದ್ದು, ತಾನು ಬಲ್ಲ ನೆಲದ ಮೇಲಣ ಅಕ್ಕರೆಯೇ. ನಮ್ಮ ರುಮಾಲೆ ಚನ್ನಬಸವಯ್ಯನವರೂ ಸ್ವಾತಂತ್ರ್ಯ ಸಂಗ್ರಾಮದ ಹಾಗೂ ಸಾರ್ವಜನಿಕ ಜೀವನದ ವರ್ಷಗಳ ತರುವಾಯ ಮತ್ತೆ ಕುಂಚವನ್ನು ಹಿಡಿದಾಗ, ಬೆಂಗಳೂರಿನ ಹೂಮರಗಳಲ್ಲಿ ಬತ್ತದ ವಸ್ತುವನ್ನು ಕಂಡುಕೊಂಡರು.

ಆದುದರಿಂದ, ದೇಶ ಸುತ್ತುವುದಕ್ಕೆ ಮೊದಲು ನಿನ್ನ ಊರಿನ ಕೆರೆಯ ಏರಿಯನ್ನಾಗಲಿ, ತೋಪನ್ನಾಗಲಿ ಆರಿಸಿಕೊಂಡು, ವೈಶಾಖದ ಧೂಳು, ಶ್ರಾವಣದ ಜಡಿಮಳೆ, ಮಾಗಿಯ ಮಂಜು ಇವೆಲ್ಲವನ್ನೂ ಅಲ್ಲಿಯೇ ಕಾಣು. ಹಲಗೆಯನ್ನು ನೆರಳಿನಲ್ಲಿಡು, ಇಲ್ಲದಿದ್ದರೆ ಬಿಸಿಲು ಬಿದ್ದ ಹಾಳೆಯಲ್ಲಿ ಬಣ್ಣವು ಇರುವುದಕ್ಕಿಂತ ಉಜ್ಜ್ವಲವಾಗಿ ತೋರಿ, ಮನೆಯೊಳಕ್ಕೆ ತಂದಾಗ ಚಿತ್ರವು ಮಂಕಾಗಿರುವುದನ್ನು ಕಂಡು ವ್ಯಥೆಪಡುವೆ. ನೆರಳುಗಳ ಆಕಾರವನ್ನು ಮೊದಲೇ ನಿಶ್ಚಯಿಸು. ಸೂರ್ಯನು ಸರಿದನೆಂದು ಅವುಗಳನ್ನು ತಿದ್ದುತ್ತ ಹೋಗಬೇಡ. ಬೆಳಕು ಬದಲಾಯಿತೆಂದರೆ ಕುಂಚವನ್ನು ತೊಳೆದಿಟ್ಟು, ಮರುದಿನ ಅದೇ ವೇಳೆಗೆ ಹೋಗು. ಜೀವನೋಪಾಯಕ್ಕಾಗಿ ಪಾಠ ಹೇಳುವುದಾಗಲಿ ಭಾವಚಿತ್ರ ಬರೆಯುವುದಾಗಲಿ ಹೀನವೆಂದು ಭಾವಿಸಬೇಡ. ಮುಂಜಾನೆಯ ಹೊತ್ತನ್ನು ಮಾತ್ರ ಯಾರಿಗೂ ಮಾರಬೇಡ.

ಒಂದು ಸಂವತ್ಸರವು ಹೀಗೆ ಕಳೆದ ಮೇಲೆ ಹಿಮಾಲಯಕ್ಕೆ ಅವಶ್ಯವಾಗಿ ಹೋಗು. ಆಗ ನೋಡುವುದಕ್ಕೆ ಕಲಿತ ಕಣ್ಣು ನಿನ್ನೊಡನೆ ಬರುವುದು. ನಿನಗೆ ಶ್ರೇಯಸ್ಸಾಗಲಿ.

ಇತಿ,
ನಿನ್ನ ಹಿತೈಷಿ