ಅಪ್ಪನ ಡಿಎಲ್, ನನ್ನ ಕಾರ್ಡ್ ರೀಡರ್

ದಸರಾ ರಜೆಗೆ ಕಡೂರಿಗೆ ಹೋಗುವಾಗ ಒಂದು ಯುಎಸ್‌ಬಿ ಸ್ಮಾರ್ಟ್ ಕಾರ್ಡ್ ರೀಡರ್ ಬ್ಯಾಗಲ್ಲಿತ್ತು. ಮಿನಿ ಪ್ರಾಜೆಕ್ಟ್‌ಗಾಗಿ ಅದಕ್ಕೆ ನಾನೇ ಲಿನಕ್ಸ್ ಕರ್ನಲ್ ಡ್ರೈವರ್ ಬರೀಬೇಕು ಅನ್ನೋ ಹುಮ್ಮಸ್ಸು. ಎರಡು ದಿನ ಕೂತು ಅರ್ಧಂಬರ್ಧ ಮಾಡ್ಯೂಲ್ ಬರೆದು, ಇನ್ಸ್‌ಮಾಡ್ ಕೊಟ್ಟು ಲೋಡ್ ಕೂಡ ಮಾಡಿದೆ. ಮೂರನೇ ದಿನ ಗೊತ್ತಾಯ್ತು, ಬರೆಯೋದೇ ಬೇಕಿರಲಿಲ್ಲ!

ಯಾಕೆ ಅಂದ್ರೆ, ಈಗಿನ ಹೆಚ್ಚಿನ ಯುಎಸ್‌ಬಿ ರೀಡರ್‌ಗಳು ಸಿಸಿಐಡಿ ಎಂಬ ಒಂದೇ ನಿಯಮ ಪಾಲಿಸುತ್ತವೆ. ಯಾವ ಕಂಪನಿಯ ಪೆನ್‌ಡ್ರೈವ್ ಹಾಕಿದರೂ ಓಡುತ್ತಲ್ಲ, ಹಾಗೆ. ಲಿನಕ್ಸ್‌ನಲ್ಲಿ ಈ ಡ್ರೈವರ್ ಕರ್ನಲ್ ಒಳಗೆ ಇರುವುದೇ ಇಲ್ಲ. ಲಿಬ್‌ಸಿಸಿಐಡಿ ಅನ್ನೋ ಲೈಬ್ರರಿಯಾಗಿ ಹೊರಗಿರುತ್ತದೆ. ಪಿಸಿಎಸ್‌ಸಿಡಿ ಎಂಬ ಸರ್ವಿಸ್ ಅದನ್ನು ಲೋಡ್ ಮಾಡುತ್ತದೆ.

ಆದರೂ ನನ್ನ ರೀಡರ್ ಕಾಣಲಿಲ್ಲ. ಎಲ್‌ಎಸ್‌ಯುಎಸ್‌ಬಿಯಲ್ಲಿ ಇದೆ, ಪಿಸಿಎಸ್‌ಸಿ-ಸ್ಕ್ಯಾನ್‌ನಲ್ಲಿ ಇಲ್ಲ. ಅಂದ್ರೆ ಕೇಬಲ್ ಸರಿ ಇದೆ, ತೊಂದರೆ ಮೇಲಿದೆ. ಲಿಬ್‌ಸಿಸಿಐಡಿಯ ಇನ್ಫೋ ಡಾಟ್ ಪಿಲಿಸ್ಟ್ ಫೈಲಿನಲ್ಲಿ ಮೂರು ಪಟ್ಟಿಗಳಿವೆ: ವೆಂಡರ್ ಐಡಿ, ಪ್ರಾಡಕ್ಟ್ ಐಡಿ, ಹೆಸರು. ನನ್ನ ರೀಡರ್ ಅದರಲ್ಲಿ ಇರಲಿಲ್ಲ, ಸೇರಿಸಿದೆ. ಮೂರರಲ್ಲೂ ಒಂದೇ ಸ್ಥಾನದಲ್ಲಿ ಸೇರಿಸಬೇಕು. ನಾನು ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ ಹಾಕಿ ಒಂದು ಸಂಜೆ ಹಾಳು ಮಾಡಿಕೊಂಡೆ. ಅದು ಸರಿಹೋದ ಮೇಲೂ 'ಬ್ಯುಸಿ' ಅಂತ ಎರರ್. ಹಿಡ್ಕೊಂಡಿದ್ದು ಯಾರು? ನಾನೇ ಬರೆದ ಆ ಮಾಡ್ಯೂಲ್! ಆರ್‌ಎಮ್‌ಮಾಡ್ ಕೊಟ್ಟು ಅದನ್ನು ಓಡಿಸಿ, ಪಿಸಿಎಸ್‌ಸಿಡಿ ರೀಸ್ಟಾರ್ಟ್ ಮಾಡಿದ ಮೇಲೆ ರೀಡರ್ ಬಂತು.

ಕೈಗೆ ಸಿಕ್ಕ ಚಿಪ್ ಕಾರ್ಡ್ ಅಂದ್ರೆ ಅಪ್ಪನ ಡಿಎಲ್, ತರೀಕೆರೆಯ ಕೆಎ-66ರದ್ದು. ಈ ಕಾರ್ಡುಗಳಿಗೆ ಸ್ಕಾಸ್ಟಾ ಅನ್ನೋ ಆಪರೇಟಿಂಗ್ ಸಿಸ್ಟಮ್ ನಿಯಮವನ್ನು ಐಐಟಿ ಕಾನ್ಪುರ ಮತ್ತು ಎನ್‌ಐಸಿ ಸೇರಿ ರೂಪಿಸಿದವು. ಕಾರ್ಡ್ ತೂರಿಸಿದ ಕೂಡಲೇ 3ಬಿ ಇಂದ ಶುರುವಾಗುವ ಒಂದು ಸಾಲು ಬಂತು. ಅದು ಎಟಿಆರ್, ಅಂದರೆ ಕರೆಂಟ್ ಸಿಕ್ಕಾಗ ಚಿಪ್ ಹೇಳುವ ಮೊದಲ ಮಾತು. ಖುಷಿಯಲ್ಲಿ ಕುಣಿದಾಡಿದೆ.

ಮುಂದಿನ ಹೆಜ್ಜೆ ಕಮಾಂಡ್ ಕಳಿಸೋದು. ಫೈಲ್ ಆಯ್ಕೆಗೆ ಎ4, ಪಿನ್ ಪರೀಕ್ಷೆಗೆ 20. ಉತ್ತರ 90 00 ಬಂದರೆ ಸರಿ, 6ಎ 82 ಬಂದರೆ ಆ ಫೈಲ್ ಇಲ್ಲ. ಸುಮ್ನೆ 20 ಕೂಡ ಟ್ರೈ ಮಾಡೋಣ ಅಂತ ಟೈಪ್ ಮಾಡ್ತಿದ್ದೆ. ಹಿಂದೆ ಅಪ್ಪ ನಿಂತಿದ್ರು.

"ಏನೋ ಮಾಡ್ತಿದೀಯ ಅದ್ರಲ್ಲಿ? ಅದು ಕೆಟ್ರೆ ನಾಳೆ ಲೋಡ್‌ಗೆ ಹೋಗೋದು ಹೆಂಗೆ?"

ಅಪ್ಪ ಲಾರಿ ಓಡಿಸ್ತಾರೆ, ಬೆಳಿಗ್ಗೆ ಅಜ್ಜಂಪುರದಿಂದ ಈರುಳ್ಳಿ ಹೊರಡಬೇಕಿತ್ತು. ತಪ್ಪು ಪಿನ್ ಕೊಟ್ಟ ಹಾಗೆಲ್ಲ ಚಿಪ್ ಲೆಕ್ಕ ಇಟ್ಟು, ಮಿತಿ ಮೀರಿದರೆ ಲಾಕ್ ಆಗುತ್ತೆ ಅನ್ನೋದು ನಾನು ಓದಿದ್ದೇ, ಕೈ ಮಾತ್ರ ನಿಂತಿರಲಿಲ್ಲ. ಬೆರಳು ತೆಗೆದೆ. ಕಾರ್ಡ್ ಒರೆಸಿ ವಾಪಸ್ ಕೊಟ್ಟೆ.

ಮಾರನೇ ದಿನ ಅದೇ ಲಾರಿಯಲ್ಲಿ ಅಜ್ಜಂಪುರದ ದೊಡ್ಡಮ್ಮನ ಮನೆಗೆ ಹೋದೆ. ಅವರ ಪೆಟ್ಟಿಗೆಯಲ್ಲಿ ಹಳೇ 2ಜಿ ಸಿಮ್ ಒಂದು, ಅದನ್ನು ಮುರಿದು ತೆಗೆದಿದ್ದ ದೊಡ್ಡ ಪ್ಲಾಸ್ಟಿಕ್ ಕಾರ್ಡ್ ಸಮೇತ ಸಿಕ್ತು. ಸಿಮ್ಮೂ ಸ್ಮಾರ್ಟ್ ಕಾರ್ಡೇ. ಟೇಪ್ ಅಂಟಿಸಿ ರೀಡರ್‌ಗೆ ಹಾಕಿ ಎ0 ಎ4 00 00 02 3ಎಫ್ 00 ಕಳಿಸಿದೆ. 9ಎಫ್ ಇಂದ ಶುರುವಾಗುವ ಉತ್ತರ ಬಂತು: ಫೈಲ್ ಸಿಕ್ಕಿದೆ, ವಿವರ ಇಷ್ಟು ಬೈಟ್ ಇದೆ ಅಂತ. ಈಗ ಪಿನ್ ಪ್ರಯೋಗ ಎಲ್ಲ ಇದರ ಮೇಲೇ. ಲಾಕ್ ಆದರೂ ಯಾರೂ ಬೈಯಲ್ಲ.