ಬಿಸಿಲೇ ಹಗೆಯಾದಾಗ

ಸೂರತ್ತಿನ ನಮ್ಮ ಪಾಂಡೇಸರಾ ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳ ಊರು. ಬಿಸಿಲಿಗೆ ಬಣ್ಣ ಮಾಸುವುದು ಇಲ್ಲಿ ಎಲ್ಲರಿಗೂ ಗೊತ್ತು. ಅದೇ ಬಿಸಿಲಿನ ಅತಿನೇರಳೆ ಕಿರಣ ನಮ್ಮ ಚರ್ಮದ ಜೀವಕೋಶಗಳಿಗೂ ಪೆಟ್ಟು ಕೊಡುತ್ತದೆ.

ಮಿತ್ರರೇ, ಕಾಮರ್ಸಿನವನಾದ್ದರಿಂದ ಲೆಕ್ಕದ ಭಾಷೆಯಲ್ಲೇ ಹೇಳ್ತೇನೆ. ಜೀವಕೋಶದ ಖಾತೆ ಪುಸ್ತಕವೇ ಡಿಎನ್‌ಎ. ಬಿಸಿಲಿನಿಂದ ಅದರಲ್ಲಿ ತಪ್ಪು ಬಿದ್ದರೆ ಕತ್ತರಿಸಿ ಸರಿಯಾಗಿ ಬರೆಯುವ ಆಡಿಟರುಗಳಂಥ ಕಿಣ್ವಗಳು ನಮ್ಮಲ್ಲಿವೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಈ ಏರ್ಪಾಡು ಕೆಟ್ಟಿರುತ್ತದೆ. ತಪ್ಪು ಹಾಗೇ ಮುಂದಿನ ಪುಟಕ್ಕೆ ಹೋಗಿ ಕ್ಯಾನ್ಸರ್ ಆಗುತ್ತದೆ. ಈ ಅಪರೂಪದ ಕಾಯಿಲೆಯ ಹೆಸರು ಝೀರೋಡರ್ಮಾ ಪಿಗ್ಮೆಂಟೋಸಮ್. 1874ರಲ್ಲಿ ವಿಯೆನ್ನಾದ ಕಪೋಸಿ ಇದನ್ನು ವರ್ಣಿಸಿದರು. ಕಾರಣ ತಿಳಿದದ್ದು 1968ರಲ್ಲಿ, ಜೇಮ್ಸ್ ಕ್ಲೀವರ್ ಅವರಿಂದ. ಅಮೆರಿಕದ ಅಧ್ಯಯನವೊಂದರಲ್ಲಿ ಈ ರೋಗಿಗಳಿಗೆ ಮೊದಲ ಚರ್ಮದ ಕ್ಯಾನ್ಸರ್ ಬಂದ ಮಧ್ಯಮ ವಯಸ್ಸು ಬರೀ 9!

ಚಿಕಿತ್ಸೆ ಏನು? ಮುಖ್ಯವಾಗಿ ಶಸ್ತ್ರಕ್ರಿಯೆ. ಆದರೆ ಒಂದು ಗಡ್ಡೆ ತೆಗೆದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ, ಪಕ್ಕದಲ್ಲೇ ಇನ್ನೊಂದು ಏಳಬಹುದು. ಆದ್ದರಿಂದ ಗಡ್ಡೆ ಸಣ್ಣದಿರುವಾಗಲೇ, ಒಳ್ಳೆಯ ಚರ್ಮ ಉಳಿಸಿಕೊಂಡು ತೆಗೆಯಬೇಕು. ಕ್ಯಾನ್ಸರಿಗೆ ಮುಂಚಿನ ಕಲೆಗಳನ್ನು ದ್ರವ ನೈಟ್ರೋಜನ್ನಿನಿಂದ ಹೆಪ್ಪುಗಟ್ಟಿಸಿ ಇಲ್ಲವೇ ಫ್ಲೋರೋಯುರಾಸಿಲ್ ಮುಲಾಮು ಹಚ್ಚಿ ಹೋಗಲಾಡಿಸುತ್ತಾರೆ. 1988ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಐವರು ರೋಗಿಗಳಿಗೆ ಐಸೋಟ್ರೆಟಿನಾಯಿನ್ ಎಂಬ ಔಷಧಿ ಕೊಟ್ಟರು. ಹಿಂದಿನ ಎರಡು ವರ್ಷಗಳಲ್ಲಿ 121 ಇದ್ದ ಗಡ್ಡೆಗಳು, ಔಷಧಿ ತೆಗೆದುಕೊಂಡ ಎರಡು ವರ್ಷಗಳಲ್ಲಿ 25ಕ್ಕೆ ಇಳಿದವು. ನಿಲ್ಲಿಸಿದ ಮೇಲೆ? ಮತ್ತೆ ಏರಿದವು. ಅಡ್ಡಪರಿಣಾಮಗಳೂ ಕಡಿಮೆ ಇರಲಿಲ್ಲ. ಇತ್ತೀಚೆಗೆ ಇಮ್ಯುನೋಥೆರಪಿಯಿಂದಲೂ ಕೆಲವರಿಗೆ ಗುಣ ಕಂಡಿದೆ. ಆದರೆ ಕೆಟ್ಟ ಆಡಿಟರನ್ನು ಸರಿಪಡಿಸುವ ಮದ್ದು ಇನ್ನೂ ಇಲ್ಲ.

ಹಾಗಾಗಿ ಹೊಸ ತಪ್ಪು ಬೀಳದಂತೆ ನೋಡಿಕೊಳ್ಳುವುದೇ ದೊಡ್ಡ ಚಿಕಿತ್ಸೆ. ಒತ್ತಾಗಿ ನೇಯ್ದ ಗಾಢ ಬಣ್ಣದ ಬಟ್ಟೆ, ತಿಳಿ ಬಣ್ಣದ ತೆಳು ಬಟ್ಟೆಗಿಂತ ಹೆಚ್ಚು ಕಿರಣ ತಡೆಯುತ್ತದೆ. ಕಿಟಕಿಯ ಸಾದಾ ಗಾಜನ್ನು ನಂಬಬಾರದು. ಕೆಲವು ಅತಿನೇರಳೆ ಕಿರಣಗಳು ಅದನ್ನು ದಾಟುತ್ತವೆ. ಬಿಸಿಲು ತಪ್ಪಿಸುವುದರಿಂದ ಡಿ ಜೀವಸತ್ವ ಕಡಿಮೆಯಾಗಬಹುದು. ಅದನ್ನು ಡಾಕ್ಟರು ಹೇಳಿದಂತೆ ತುಂಬಿಕೊಡಬೇಕು.

ತಂದೆ, ತಾಯಿ ಇಬ್ಬರಲ್ಲೂ ಕೆಟ್ಟ ಜೀನ್ ಒಂದೊಂದು ಅಡಗಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಕಡೆಯ ಪದ್ಧತಿಯಲ್ಲಿ ಇಂಥ ಎರಡು ಜೀನ್ ಸೇರುವ ಸಂಭವ ಹೆಚ್ಚು. ಇದು ಯಾರ ಪಾಪವೂ ಅಲ್ಲ, ಅಂಟುರೋಗವೂ ಅಲ್ಲ. ಎರಡು ವರ್ಷದ ಕೂಸಿನ ಮುಖದ ಮೇಲೆ ಚುಕ್ಕೆಗಳು ತುಂಬಿದರೆ, ಅದು ಬೆಳಕಿಗೆ ಕಣ್ಣು ಮುಚ್ಚಿ ಅತ್ತರೆ, ದೃಷ್ಟಿ ತೆಗೆದು ಸುಮ್ಮನಾಗಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ. ಬೇಗ ಗೊತ್ತಾದಷ್ಟೂ ಆ ಮಗುವಿಗೆ ಹೆಚ್ಚು ವರ್ಷ ಉಳಿಯುತ್ತದೆ.