ನಾಯಿ ನೆಲಕ್ಕೆ ಉಜ್ಜಿಕೊಂಡರೆ ಅದರ ತಟ್ಟೆ ನೋಡಿ

ಮತ್ತಿಕೆರೆಯ ಜೆ.ಪಿ. ಪಾರ್ಕಿನ ಹೊರಗೋಡೆಯ ಪಕ್ಕ ಬೆಳಿಗ್ಗೆ ನಾಯಿ ಹಿಡಿದು ನಡೆಯುವ ನಮ್ಮಂಥವರು ಉಣ್ಣಿಯ ಕಾಟ, ಲಸಿಕೆ, ಕೂದಲು ಉದುರುವುದು ಎಲ್ಲವನ್ನೂ ಮಾತಾಡಿಕೊಳ್ಳುತ್ತೇವೆ. ನಾಯಿ ಮುಂಗಾಲೂರಿ ಹಿಂಭಾಗವನ್ನು ನೆಲಕ್ಕೆ ಎಳೆಯತೊಡಗಿದರೆ ಮಾತ್ರ ಮುಜುಗರಪಟ್ಟು ಹಗ್ಗ ಜಗ್ಗಿ ಮುಂದೆ ಹೋಗುತ್ತೇವೆ. ‘ಹುಳ ಆಗಿರಬೇಕು, ಮಾತ್ರೆ ಹಾಕಿ’ ಎಂದು ಯಾರಾದರೂ ಅಂದರೆ ಮಾತು ಅಲ್ಲಿಗೆ ಮುಗಿಯಿತು. ಅಷ್ಟಕ್ಕೇ ಮುಗಿಸಬಾರದು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಪುಟ್ಟಿ ಬಿಳಿ ಸ್ಪಿಟ್ಜ್. ಬೀದಿಯಲ್ಲಿ ಎಲ್ಲರೂ ಪಾಮೇರಿಯನ್ ಅನ್ನುತ್ತಾರೆ. ನಮ್ಮ ಕಡೆ ಆ ಹೆಸರಿನಲ್ಲಿ ಬೆಳೆದ ನಾಯಿಗಳು ಬಹುಪಾಲು ಇಂಡಿಯನ್ ಸ್ಪಿಟ್ಜ್‌ಗಳೇ. ಒಂದು ಮಳೆಗಾಲದಲ್ಲಿ ಅವಳ ಹೊಟ್ಟೆ ಹದ ತಪ್ಪಿತು. ಭೇದಿ ಎನ್ನುವಂತಿಲ್ಲ, ಮಲ ಮೆತ್ತಗೆ ಅಷ್ಟೆ. ಎತ್ತಲು ಹೋದರೆ ಅರ್ಧ ನೆಲದಲ್ಲೇ ಉಳಿಯುತ್ತಿತ್ತು. ಆಡುತ್ತಿದ್ದಳು, ಚೆನ್ನಾಗಿ ತಿನ್ನುತ್ತಿದ್ದಳು. ಇಂಥದ್ದನ್ನು ಯಾರೂ ಕಾಯಿಲೆ ಎಂದು ಎಣಿಸುವುದಿಲ್ಲ. ಕೆಲವು ವಾರ ಕಳೆಯುವಷ್ಟರಲ್ಲಿ ಬಾಲದ ಬುಡವನ್ನು ತಿರುಗಿ ತಿರುಗಿ ನೆಕ್ಕುವುದು, ಕೂತವಳು ಥಟ್ಟನೆ ಏಳುವುದು, ಹಜಾರದ ನೆಲದ ಮೇಲೆ ಉಜ್ಜಿಕೊಂಡು ಹೋಗುವುದು ಶುರುವಾಯಿತು. ಸೋಫಾದ ಹೊದಿಕೆಯಲ್ಲಿ ಕೊಳೆತ ಮೀನಿನ ವಾಸನೆ. ನಮ್ಮದು ಮೀನೇ ತಾರದ ಮನೆ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಮಗೆ ದೂರವಲ್ಲ. 1958ರಿಂದ ಇರುವ ಸಂಸ್ಥೆ, ಅದರ ಆಸ್ಪತ್ರೆಗೆ ದನಕರುಗಳೂ ಬರುತ್ತವೆ, ನಾಯಿಬೆಕ್ಕುಗಳೂ ಬರುತ್ತವೆ. ನಾಯಿ ಹತ್ತಿಸಿಕೊಳ್ಳಲು ಒಪ್ಪುವ ಆಟೋ ಸಿಕ್ಕುವುದೇ ಕಷ್ಟ. ಅದು ಸಿಕ್ಕಿತೆಂದರೆ ಅರ್ಧ ಕೆಲಸ ಆದಂತೆ. ಅಲ್ಲಿ ಡಾಕ್ಟರು ಗ್ಲೌಸ್ ಹಾಕಿ, ಜೆಲ್ಲಿ ಸವರಿದ ತೋರುಬೆರಳನ್ನು ಗುದದ್ವಾರದ ಒಳಗಿಟ್ಟು, ಹೆಬ್ಬೆರಳನ್ನು ಹೊರಗಿಟ್ಟು, ಅಲ್ಲಿನ ಚೀಲಗಳನ್ನು ಮೆಲ್ಲಗೆ ಅದುಮಿದರು. ತೆಳ್ಳಗೆ ಬರಬೇಕಾಗಿದ್ದ ದ್ರವ ಬೂದುಗಂದು ಬಣ್ಣದ ಗಟ್ಟಿ ಪೇಸ್ಟಿನಂತೆ ಹೊರಬಂತು. ಎಡಗಡೆಯದರಲ್ಲಿ ರಕ್ತದ ಗೆರೆಯೂ ಇತ್ತು. ಪುಟ್ಟಿ ಒಮ್ಮೆ ಕಿರುಚಿದಳು, ಆಮೇಲೆ ನನ್ನ ಮೊಣಕೈಯೊಳಗೆ ಮೂತಿ ತೂರಿಸಿ ಸುಮ್ಮನಾದಳು.

ನಾಯಿಯ ಗುದದ್ವಾರದ ಇಕ್ಕೆಲಗಳಲ್ಲಿ, ಗಡಿಯಾರದ 4 ಮತ್ತು 8 ಗಂಟೆಯ ಜಾಗದಲ್ಲಿ, ಎರಡು ಪುಟ್ಟ ಚೀಲಗಳಿರುತ್ತವೆ. ಆನಲ್ ಗ್ಲ್ಯಾಂಡ್ ಎಂದು ಎಲ್ಲರೂ ಕರೆಯುವುದು ಇವನ್ನೇ. ನಾಯಿಗಳು ಒಂದರ ಹಿಂದೊಂದು ಮೂಸುತ್ತ ಪರಿಚಯ ಮಾಡಿಕೊಳ್ಳುವುದರಲ್ಲಿ ಇವುಗಳ ವಾಸನೆಗೂ ಪಾಲಿದೆ. ಗಟ್ಟಿ ಮಲ ಹೊರಬರುವಾಗ ಬೀಳುವ ಒತ್ತಡಕ್ಕೆ ಈ ಚೀಲಗಳು ತಾವಾಗಿಯೇ ಖಾಲಿಯಾಗುತ್ತವೆ. ಮಲ ವಾರಗಟ್ಟಲೆ ಮೆತ್ತಗಿದ್ದರೆ ಒತ್ತಡ ಸಾಲದು. ದ್ರವ ಒಳಗೇ ಉಳಿದು ಗಟ್ಟಿಯಾಗುತ್ತದೆ, ನಂಜಾಗುತ್ತದೆ, ಕೀವು ತುಂಬಿ ಚರ್ಮ ಒಡೆಯುವವರೆಗೂ ಹೋಗುತ್ತದೆ. ಸಣ್ಣ ಜಾತಿಯ ನಾಯಿಗಳಿಗೆ, ಮೈ ಬಂದವಕ್ಕೆ, ಚರ್ಮದ ಅಲರ್ಜಿ ಇರುವವಕ್ಕೆ ಈ ತೊಂದರೆ ಹೆಚ್ಚು. ಹುಳದಿಂದಲೂ ಕೆರೆತ ಬರುತ್ತದೆ, ಇಲ್ಲವೆಂದಲ್ಲ. ಚಿಗಟ ನುಂಗಿದ ನಾಯಿಗೆ ಲಾಡಿಹುಳ ಆಗುತ್ತದೆ, ಅದರ ತುಣುಕುಗಳು ಅಕ್ಕಿಕಾಳಿನ ಗಾತ್ರದಲ್ಲಿ ಬಾಲದ ಕೂದಲಿಗೆ ಅಂಟಿಕೊಂಡಿರುತ್ತವೆ. ಪುಟ್ಟಿಯ ಮಲ ಪರೀಕ್ಷೆಯಲ್ಲಿ ಅದೇನೂ ಕಾಣಲಿಲ್ಲ.

ಡಾಕ್ಟರು ಮುಂದೆ ಕೇಳಿದ್ದು ಒಂದೇ: ‘ದಿನಾ ಏನೇನು ತಿಂತಾಳೆ?’ ಹೇಳುತ್ತಾ ಹೋದಂತೆ ಪಟ್ಟಿ ಬೆಳೆಯಿತು. ಬೆಳಿಗ್ಗೆ ನಂದಿನಿ ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ನಡೆಯುವಾಗ ಪರಿಚಯದವರು ಕೊಡುವ ಬಿಸ್ಕತ್ತು, ಮಧ್ಯಾಹ್ನ ಅನ್ನ, ಸಂಜೆ ಅತ್ತೆಯವರ ಕೈಯಿಂದ ತುಪ್ಪದ ಚಪಾತಿಯ ಚೂರು. ನಮ್ಮ ಮನೆಗಳಲ್ಲಿ ನಾಯಿಯ ಮೇಲಿನ ಪ್ರೀತಿ ತಿನ್ನಿಸುವುದರಲ್ಲೇ ಹರಿಯುತ್ತದೆ. ಆ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಬಹಳ ಕಡಿಮೆ. ಮೈದಾ, ಸಕ್ಕರೆ, ಎಣ್ಣೆಯ ಬಿಸ್ಕತ್ತು ಹೊಟ್ಟೆಗೂ ತೂಕಕ್ಕೂ ಕೆಟ್ಟದ್ದು.

ಹಾಲು, ಬ್ರೆಡ್ಡು, ಬಿಸ್ಕತ್ತು ನಿಲ್ಲಿಸಿದೆವು. ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟು, ಚರ್ಮ ತೆಗೆದ ಕೋಳಿಯನ್ನು ಉಪ್ಪುಖಾರವಿಲ್ಲದೆ ಬೇಯಿಸಿ, ಮೆತ್ತಗೆ ಬೆಂದ ಅನ್ನದ ಜೊತೆ ಕೆಲವು ದಿನ ಕೊಟ್ಟೆವು. ಇದು ಹೊಟ್ಟೆ ಸರಿಹೋಗುವವರೆಗಿನ ಪಥ್ಯ ಮಾತ್ರ, ವರ್ಷವಿಡೀ ಸಾಲದು. ಆಮೇಲೆ ಡಾಕ್ಟರು ಹೇಳಿದ ಆಹಾರವನ್ನು ದಿನಕ್ಕಷ್ಟು ಸೇರಿಸುತ್ತ ನಿಧಾನವಾಗಿ ಬದಲಿಸಿದೆವು. ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಬೇಯಿಸಿ ಹಿಸುಕಿದ ಸಿಹಿಕುಂಬಳ. ಊಟಕ್ಕೆ ಒಂದೆರಡು ಚಮಚ ಸೇರಿಸಿದರೆ ಅದರ ನಾರು ಮಲವನ್ನು ಕಟ್ಟುತ್ತದೆ. ಮತ್ತಿಕೆರೆ ಮಾರ್ಕೆಟ್ಟಿನಲ್ಲಿ ಹೋಳು ಹಾಕಿ ಮಾರುತ್ತಾರೆ, ದುಬಾರಿಯಲ್ಲ. ಈಗ ಪುಟ್ಟಿಯ ಮಲವನ್ನು ಕವರಿನಲ್ಲಿ ಎತ್ತಿದರೆ ನೆಲದಲ್ಲಿ ಗುರುತು ಉಳಿಯುವುದಿಲ್ಲ. ನಾನು ಪ್ರತಿದಿನ ನೋಡುವ ಲಕ್ಷಣ ಇದೇ.

ಚೀಲ ಹಿಂಡಿಸುವುದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಸ್ನಾನ ಮಾಡಿಸುವ ಅಂಗಡಿಗಳಲ್ಲಿ, ತೊಂದರೆಯೇ ಇಲ್ಲದ ನಾಯಿಗೂ ತಿಂಗಳಿಗೊಮ್ಮೆ ಹೊರಗಿನಿಂದ ಅದುಮುವ ಪದ್ಧತಿ ಇದೆ. ಇದರಿಂದ ಒಳಗೆ ಗಾಯವಾಗಿ ಊದಿಕೊಳ್ಳಬಹುದು. ಚೆನ್ನಾಗಿರುವ ಚೀಲವನ್ನು ಮುಟ್ಟದಿರುವುದೇ ಸರಿ. ಗುದದ ಪಕ್ಕ ಕೆಂಪಗೆ ಊದಿದ್ದರೆ ಅಥವಾ ಕೀವು ಕಂಡರೆ ಮನೆಯಲ್ಲಿ ಅರಿಸಿನ, ಎಣ್ಣೆ ಹಚ್ಚುತ್ತ ಕಾಯಬೇಡಿ, ಅದೇ ದಿನ ತೋರಿಸಿ. ವಯಸ್ಸಾದ ನಾಯಿಗೆ ಒಂದೇ ಕಡೆ ಗಂಟು ಕಟ್ಟಿ, ವಿಪರೀತ ನೀರು ಕುಡಿಯತೊಡಗಿದರೆ ತಡ ಮಾಡಲೇಬಾರದು. ಅಲ್ಲಿ ಕ್ಯಾನ್ಸರ್ ಬರುವುದುಂಟು. ಮರಿಗೆ ವಾಂತಿಯೊಡನೆ ರಕ್ತಭೇದಿ ಆದರೆ ಪಾರ್ವೊ ವೈರಸ್ ಸೋಂಕು ಇರಬಹುದು, ಗಂಟೆಗಳ ಲೆಕ್ಕದಲ್ಲಿ ಓಡಬೇಕು. ನಮ್ಮ ಪ್ಯಾರಾಸಿಟಮಾಲ್, ಬ್ರೂಫೆನ್ ಮಾತ್ರೆಗಳನ್ನು ನಾಯಿಗೆ ಕೊಡುವುದು ಬೇಡ. ಈರುಳ್ಳಿ ಬೆಂದ ಸಾಂಬಾರ್ ಅನ್ನ, ದ್ರಾಕ್ಷಿ ಹಾಕಿದ ಪಾಯಸ, ಕೇಸರಿಬಾತು ಹಬ್ಬದ ದಿನವೂ ಬೇಡ: ಈರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ, ದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸಬಲ್ಲದು.

ಬೀದಿನಾಯಿಗಳಿಗೆ ದಿನಾ ಬಿಸ್ಕತ್ತು ಪೊಟ್ಟಣ ಒಡೆಯುವವರಲ್ಲೂ ಒಂದು ಕೋರಿಕೆ. ಆ ದುಡ್ಡಿಗೆ ಬೇಯಿಸಿದ ಮೊಟ್ಟೆ, ಅನ್ನ, ಒಂದಿಷ್ಟು ಕುಂಬಳ ಹಾಕಿ. ಅವುಗಳ ಬಾಲದ ಬುಡ ನೋಡಲು ಯಾರೂ ಇಲ್ಲ. ಇನ್ನು ಮನೆಯಲ್ಲಿ ಸಾಕಿದವರು, ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಆ ವಾರ ನಾಯಿ ತಿಂದದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಮಲದ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಸಂಕೋಚ ಬೇಡ, ಡಾಕ್ಟರಿಗೆ ಮೊದಲು ಬೇಕಾಗುವುದು ಅವೆರಡೇ.